ತಲೆ ನನ್ನದು, ಬಾಲ ನಿನ್ನದು

ಓತಕರ್,

ಗೆದ್ದವಳು ನಾನೇ. ಇವತ್ತು ಸ್ಕ್ರಿಯೆಯ ಗುಡ್ಡದಲ್ಲಿ ನನ್ನ ಸಹಾಯಕಿ ವ್ಲಾಸ್ತಾ ಸೀಳಿದ ಕಲ್ಲಿನೊಳಗೆ ಟ್ರೈಲೋಬೈಟಿನ ಪಳೆಯುಳಿಕೆ ಇಡಿಯಾಗಿ ಸಿಕ್ಕಿತು. ಹಿಂದೆ ಬಿಡಿಬಿಡಿಯಾಗಿ ಸಿಕ್ಕಾಗ ನಾನು ಹೆಸರಿಟ್ಟ ತಲೆ, ನೀನು ಹೆಸರಿಟ್ಟ ಬಾಲ, ಎರಡೂ ಒಂದೇ ಮೈಯಲ್ಲಿ. ಅವು ಒಂದೇ ಪ್ರಾಣಿಯವು ಎಂದು ನಾನಂದಾಗ, ಬಿಯರ್ ಕುಡಿಯುತ್ತಾ ಎಲ್ಲರೆದುರು, "ನಿನ್ನ ತಲೆ ನನ್ನ ಬಾಲಕ್ಕೆ ಕೂರಲ್ಲ ಕಣೇ ಬೊಝೆನಾ" ಅಂದಿದ್ದೆಯಲ್ಲ? ಕೂತಿದೆ. ನಾವು ಮಾತು ಬಿಟ್ಟಿದ್ದು ಅವತ್ತಿನಿಂದಲೇ.

"ಗೆದ್ದಿದ್ದು ನೀವು, ಉಳಿಯೋದು ಅವರಿಟ್ಟ ಹೆಸರು! ಇದ್ಯಾವ ನ್ಯಾಯ ಮೇಡಂ?" ಎಂದಳು ವ್ಲಾಸ್ತಾ.

"ಒಂದು ಪ್ರಾಣಿಗೆ ಒಂದೇ ಹೆಸರು ಕಣೇ, ಮೊದಲು ಇಟ್ಟಿದ್ದು. ಅವನು ಬಾಲಕ್ಕೆ ಹೆಸರಿಟ್ಟಿದ್ದು ನನಗಿಂತ ಮೊದಲು. ನಿಯಮ ಅಂದ್ರೆ ನಿಯಮ," ಎಂದೆ.

ಮ್ಯೂಸಿಯಮ್ಮಿಗೆ ಮರಳಿದ ಮೇಲೆ ಕಲ್ಲು ಹಿಡಿದು ಸೀದಾ ನಿನ್ನ ಮೇಜಿಗೆ ಹೋದೆ. ನೀನು ತೀರಿಕೊಂಡಾಗಿನಿಂದ ಅಲ್ಲಿ ಕೂರುವ ವ್ಲಾಸ್ತಾ ಎದ್ದು ಜಾಗ ಬಿಟ್ಟಳು.