ಅಂಗಳದ ಈಟಿ ಹುಲ್ಲು

ಮನೆ ಯಜಮಾನರಿಗೆ ನಮಸ್ಕಾರಗಳು.

ನೀವು ಹೇಳಿ ಕಳಿಸಿದಂತೆ ಅಂಗಳದ ಈಟಿ ಹುಲ್ಲನ್ನೆಲ್ಲ ನಿನ್ನೆ ಬೇರುಸಹಿತ ಕಿತ್ತೆ. ಅದರ ಬೀಜ ನಿಮ್ಮ ನಾಯಿಯ ಪಾದ ಹೊಕ್ಕು ಕೀವಾಗಿದ್ದಕ್ಕೆ ಕ್ಷಮಿಸಿ. ಆ ಬೀಜ ಎಷ್ಟು ಚೂಪೆಂದು ನಮಗೂ ಗೊತ್ತು.

ತೆನೆ ಚೆಂದವೆಂದು ಗುಡ್ಡದಿಂದ ತಂದು ನೆಟ್ಟವರು ನಮ್ಮ ಮನೆಯವರೇ. ಗಡಿಯಾರ ರಿಪೇರಿ ಮಾಡುತ್ತಿದ್ದ ಅವರಿಗೆ ಚಿಕ್ಕಂದಿನಿಂದಲೂ ಒಂದೇ ಕಣ್ಣು ಕಾಣುತ್ತಿದ್ದದ್ದು. ಹೋದ ವರ್ಷ ತೆನೆ ಕತ್ತರಿಸುವಾಗ ಬೀಜ ಚುಚ್ಚಿ ಅದೂ ಹೋಯಿತು. ಆಗಲೇ ಹುಲ್ಲು ಕೀಳಲು ಹೊರಟೆ. "ಬೇಡ ಕಣೇ. ಕನ್ನಡಕ ಹಾಕದೆ ಬಗ್ಗಿದೋನು ನಾನು, ಹುಲ್ಲೇನು ಮಾಡುತ್ತೆ? ಗಾಳಿಗೆ ಅದರ ಸರಸರ ಸದ್ದಾದ್ರೂ ಇರ್ಲಿ" ಅಂದರು. ಅಂದಿನಿಂದ ದಿನವಿಡೀ ಕಿಟಕಿಯ ಬಳಿ ಕೂತು ಅದನ್ನೇ ಕೇಳುತ್ತಿದ್ದರು.

ಕಣ್ಣು ಮತ್ತೆ ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಅವರಿಗೆ ತಿಳಿಸಿಲ್ಲ. ಹುಲ್ಲು ಕಿತ್ತದ್ದನ್ನೂ ತಿಳಿಸಿಲ್ಲ. ಮನೆಗೆ ಬಣ್ಣ ಬಳಿಸಲು ನೀವು ಬಂದಾಗ ದಯವಿಟ್ಟು ಅವರೆದುರು ಆ ಮಾತು ಎತ್ತಬೇಡಿ.

ಇವತ್ತು ಬೆಳಿಗ್ಗೆ "ಯಾಕೆ, ಸದ್ದೇ ಇಲ್ಲ?" ಅಂತ ಕೇಳಿದರು. ಹಗ್ಗದ ಮೇಲಿನ ಬಟ್ಟೆ ಹಾರಿಹೋಗುವಷ್ಟು ಗಾಳಿಯಿತ್ತು, ಕಿಟಕಿಯೊಳಕ್ಕೂ ಬೀಸುತ್ತಿತ್ತು. "ಗಾಳಿಯೇ ಇಲ್ವಲ್ರೀ" ಅಂದೆ.

"ಹೂಂ" ಅಂದವರು, ಎದ್ದು, ತಡವುತ್ತಾ ಕುರ್ಚಿಯನ್ನು ಕಿಟಕಿಯಿಂದ ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತರು.

ಇಂತಿ,
ಕೆಳಮನೆಯ ಬಾಡಿಗೆಯವಳು