ಮೂರನೇ ಮೇಜಿನ ಹೇನು

ಹೇನಿಲ್ಲದ ತಲೆಯ ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಮೊಮ್ಮಗಳು ಶಿಲ್ಪಾಳ ತಲೆಯಲ್ಲಿ ಹೇನಿದೆ. ಹೌದು, ಇದೆ. ಸೀರೂ ಇದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ನಿಮ್ಮ ಸುತ್ತೋಲೆ ಓದಿದರೆ ನಾವು ಅಡಗಿಸಿಟ್ಟ ಕಳ್ಳಮಾಲನ್ನು ಇಲಾಖೆ ದಾಳಿ ಮಾಡಿ ಹಿಡಿದಂತಿದೆ. ಹೇನಿದೆ ಎಂಬ ಒಂದೇ ಕಾರಣಕ್ಕೆ ಏಳನೇ ತರಗತಿಯ ಆ ಹುಡುಗಿ ಹತ್ತೊಂಬತ್ತು ದಿನಗಳಿಂದ ಶಾಲೆಯ ಹೊರಗಿದ್ದಾಳೆ. ಅದೇ ಶಾಲೆಯ ಇನ್ನೂ ಹದಿಮೂರು ಮಕ್ಕಳೂ ಹೊರಗಿದ್ದಾರೆ. ಹದಿನಾಲ್ಕೂ ಹುಡುಗಿಯರೇ. ಇದನ್ನು ಲಕೋಟೆಯಲ್ಲಿಟ್ಟು ನಿಮ್ಮ ಕಚೇರಿಗೆ ಕಳಿಸಬಹುದಿತ್ತು. ಆದರೆ ನೀವು ಅವಳ ತಲೆಯನ್ನು ನಾನೂರು ಜನರೆದುರು ಬಿಡಿಸಿ ನೋಡಿಸಿದಿರಿ. ಹಾಗಾಗಿ ನನ್ನ ಮಾತೂ ಪತ್ರಿಕೆಯಲ್ಲಿ, ನಾಲ್ಕು ಜನರೆದುರೇ ಆಗಲಿ.

ಅಂದು ನಡೆದದ್ದು ಓದುಗರಿಗೂ ತಿಳಿಯಲಿ. ಮಕ್ಕಳ ಪ್ರತಿಭಾ ಸ್ಪರ್ಧೆಯಲ್ಲಿ ಸ್ವಂತ ಕವನ ಓದುವ ವಿಭಾಗ. ಅಧ್ಯಕ್ಷತೆ ನಿಮ್ಮದು. ಶಿಲ್ಪಾಳಿಗಿಂತ ಮೊದಲು ಒಂಬತ್ತು ಮಕ್ಕಳು ಓದಿದರು. ತಾಯಿಯ ಮೇಲೆ ನಾಲ್ಕು, ಪರಿಸರದ ಮೇಲೆ ಮೂರು, ಧ್ವಜದ ಮೇಲೆ ಎರಡು. ಐದನೇ ತರಗತಿಯ ಒಂದು ಕೂಸು 'ವನಸಿರಿಯ ಅವನತಿಯ ಆಕ್ರಂದನ' ಎಂದು ಓದುವಾಗ ಎರಡು ಸಲ ಎಡವಿತು. ಮುಂದಿನ ಸಾಲಿನಲ್ಲಿದ್ದ ಅಪ್ಪ ಕೂತಲ್ಲಿಂದಲೇ ತಿದ್ದಿದ, ಬರೆದವನು ಅವನೇ ಅಲ್ಲವೇ! ಮೊದಲ ಬಹುಮಾನ ಅದಕ್ಕೇ ಹೋಯಿತು. ನಮ್ಮ ಹುಡುಗಿ ಮಾತ್ರ ತನಗೆ ಗೊತ್ತಿರುವ ಜೀವಿಯ ಮೇಲೆ ತಾನೇ ಬರೆದಿದ್ದಳು:

ಹೇನಮ್ಮ ಹೇನಮ್ಮ ಎಲ್ಲಿದ್ದಿ?
ಅಜ್ಜಿಯ ಬೆರಳಿಗೆ ತಪ್ಪಿಸಿಕೊಂಡಿದ್ದಿ!
ಎಣ್ಣೆ ಸುರಿದರೆ ಈಜಾಡ್ತಿ,
ಜಡೆ ಹೆಣೆದರೆ ಜೋಕಾಲಿ ಆಡ್ತಿ!

ಜೋಕಾಲಿ ಎಂದಾಗ ಅವಳು ತಲೆ ಕೆರೆದುಕೊಂಡಳು. ಅದು ಅಭಿನಯ, ಸ್ವಾಮಿ. ಕಲಿಸಿದವನು ನಾನೇ. ಮಕ್ಕಳು ಗೊಳ್ಳೆಂದು ನಕ್ಕರು. ನಗಲಿ ಎಂದೇ ಬರೆದದ್ದು. ನೀವು ನಗಲಿಲ್ಲ. ಇನ್ನೂ ನಾಲ್ಕು ಸಾಲು ಬಾಕಿಯಿರುವಾಗಲೇ ಮೈಕು ಎಳೆದುಕೊಂಡು, "ಇದೆಂಥಾ ಕವನ? ಸರಸ್ವತಿ ಫೋಟೋ ಎದುರಿಗೆ ಹೇನಿನ ಮಾತಾ? ಮೊದ್ಲು ಇವಳ ತಲೆ ನೋಡ್ರಿ ಯಾರಾದ್ರೂ" ಎಂದಿರಿ. ಒಬ್ಬ ಶಿಕ್ಷಕಿ ಬಂದು ಅದೇ ವೇದಿಕೆಯ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಅವಳ ಬೈತಲೆ ಬಿಡಿಸಿ "ಇದಾವೆ ಸರ್" ಎಂದರು. ಮೈಕು ಚಾಲೂ ಇತ್ತು. ಆಗ ಮಕ್ಕಳು ನಕ್ಕ ನಗೆ ಬೇರೆ. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಏಳಬೇಕಿತ್ತು, ಕೂಗಬೇಕಿತ್ತು. ಮೂವತ್ತು ವರ್ಷ ಸಾಹೇಬರನ್ನು ಕಂಡು ಕೈಕಟ್ಟಿ ನಿಂತ ಅಭ್ಯಾಸ, ಬಾಯಿ ಬರಲಿಲ್ಲ. ಆ ನಾಚಿಕೆ ನನ್ನನ್ನು ಇನ್ನೂ ತಿನ್ನುತ್ತಿದೆ.

ಮನೆಗೆ ಬಂದವಳು ಹೇಳಿದ್ದು ಒಂದೇ ಮಾತು. "ಅಜ್ಜಾ, ನನ್ನ ತಲಿ ಬೋಳಿಸಿಬಿಡು." ನನ್ನ ಹೆಂಡತಿ ಗಿರಿಜವ್ವ ಅವಳನ್ನು ಮುಂದೆ ಕೂಡ್ರಿಸಿಕೊಂಡು, "ಹೇನಿಗೆ ಹೆದರಿ ಯಾರಾರ ಕೂದಲಾ ಕೊಡ್ತಾರೇನವಾ? ಸುಮ್ಕ ಕುಂದ್ರು, ನಾ ಹೆಕ್ತೀನಿ" ಎಂದು ಸಮಾಧಾನ ಮಾಡಿದಳು. ಎರಡು ದಿನಕ್ಕೆ ನಿಮ್ಮ ಸುತ್ತೋಲೆ ಶಾಲೆಗೆ ಬಂತು: 'ತಲೆಹೇನು ಇರುವ ವಿದ್ಯಾರ್ಥಿಗಳನ್ನು ಆರೋಗ್ಯ ಇಲಾಖೆಯ ದೃಢೀಕರಣ ಪತ್ರವಿಲ್ಲದೆ ತರಗತಿಯೊಳಗೆ ಸೇರಿಸತಕ್ಕದ್ದಲ್ಲ.' ಬಾಗಿಲಿನಿಂದಲೇ ಹಿಂದೆ ಕಳಿಸಿದರು. ಮನೆಗೆ ಬಂದವಳೇ ಹೊಲಿಗೆಯ ಕತ್ತರಿ ಎತ್ತಿಕೊಂಡು ಬಲಗಡೆಯ ಜಡೆಯನ್ನು ಕಿವಿಯ ಹತ್ತಿರಕ್ಕೆ ಕತ್ತರಿಸಿಕೊಂಡಳು. ಎಡಗಡೆಯದಕ್ಕೆ ಕೈ ಹಾಕುವಷ್ಟರಲ್ಲಿ ಗಿರಿಜವ್ವ ಕತ್ತರಿ ಕಿತ್ತುಕೊಂಡಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಎಂಬ ಗಾದೆಯನ್ನು ನಾವೆಲ್ಲ ನಗುವುದಕ್ಕೆ ಹೇಳುತ್ತೇವೆ. ನಮ್ಮ ಮನೆಯಲ್ಲಿ ಅದು ಬೆಳಗಿನ ಹನ್ನೊಂದೂವರೆಗೆ ನಡೆದುಹೋಯಿತು. ಈಗ ಅವಳಿಗೆ ಒಂದೇ ಜಡೆ. ಇನ್ನೊಂದು, ಶಾಲೆಯ ಕೆಂಪು ಟೇಪಿನ ಸಮೇತ, ಗಿರಿಜವ್ವನ ಟ್ರಂಕಿನಲ್ಲಿದೆ.

ಕಾನೂನು ಪಾಲಿಸುವ ಮನುಷ್ಯ ನಾನು. ದೃಢೀಕರಣ ಪತ್ರ ತರೋಣವೆಂದು ಆರೋಗ್ಯ ಕೇಂದ್ರಕ್ಕೂ ಹೋದೆ. ಅಲ್ಲಿಯ ಸಿಸ್ಟರೊಬ್ಬರು ಸುತ್ತೋಲೆಯನ್ನು ಎರಡು ಸಲ ಓದಿ ಕಣ್ಣು ಕಣ್ಣು ಬಿಟ್ಟರು. "ಇದಕ್ಕೆ ನಮ್ಮಲ್ಲಿ ಫಾರ್ಮೇ ಇಲ್ಲ ಮಾರಾಯ್ರೇ. ನಾಯಿ ಕಚ್ಚಿದ್ದಕ್ಕೆ ಇದೆ, ಹಾವು ಕಚ್ಚಿದ್ದಕ್ಕೆ ಇದೆ. ಹೇನು ಇಲ್ಲ ಅಂತ ಯಾವ ಧೈರ್ಯದ ಮೇಲೆ ಬರ್ಕೊಡ್ಲಿ? ಇವತ್ತು ಇಲ್ಲ ಅಂದ್ರೆ ನಾಳೆ ಬರ್ತದೆ. ನನ್ನ ತಲೇಲೇ ಇದಾವೆ, ಎರಡು ಹೆಣ್ಣು ಮಕ್ಕಳ ತಾಯಿ ನಾನು!" ಈ ಮಾತಿಗೆ ಆಕೆಯನ್ನೂ ನೌಕರಿಯಿಂದ ಹೊರಗಿಡುವ ಸುತ್ತೋಲೆ ಬಂದೀತೆಂದು ಹೆದರಿ ನಾನು ಯಾವ ಆರೋಗ್ಯ ಕೇಂದ್ರ ಎಂದು ಇಲ್ಲಿ ಬರೆಯುತ್ತಿಲ್ಲ.

ಹೇನಿನ ಬಗ್ಗೆ ಮಾತಾಡಲು ಇವನು ಯಾರು ಎಂದು ನೀವು ಕೇಳಬಹುದು. ನಾನು ಬನವಾಸಿ ಕಡೆಯವನು, ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದದ್ದು ಎರಡನೇ ಸಲಕ್ಕೆ. ಆದರೆ ಒಂದೇ ಪಾಠವನ್ನು ಮೂವತ್ತು ವರ್ಷ ಬಾಗಿಲ ಬಳಿ ನಿಂತು ಕೇಳಿದರೆ ಕಂಬಕ್ಕೂ ಬಾಯಿಪಾಠ ಬರುತ್ತದೆ. ಮಾದರಿಗಳ ಕಪಾಟು ನನ್ನ ವಶದಲ್ಲಿತ್ತು. ಅರಬೈಲ್ ಘಟ್ಟದಲ್ಲಿ ಮೊಣಕಾಲಿನವರೆಗೆ ಹತ್ತಿಸಿಕೊಂಡು ರಕ್ತ ಹೀರುವ ಉಂಬಳ ತಂದವನು ನಾನು. ಸಿದ್ದಾಪುರದ ದನಗಳ ಕಿವಿಯಿಂದ ಉಣುಗು, ಹುಡುಗರ ಹಾಸ್ಟೆಲಿನ ಮಂಚದಿಂದ ತಿಗಣೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮಟನ್ ಅಂಗಡಿಯ ಎದುರು ನಿಂತು ಕುರಿಯ ಕರುಳಿನ ಲಾಡಿಹುಳ ಕೇಳಿದವನೂ ನಾನೇ! ಹೇನು ಮಾತ್ರ ಮನೆಯಿಂದ. ಪ್ರತಿ ವರ್ಷ ಪ್ರಾಯೋಗಿಕ ಪರೀಕ್ಷೆಗೆ ಮುಂಚೆ ಗಿರಿಜವ್ವ ಬಿಳಿ ಪಂಚೆ ಹಾಸಿಕೊಂಡು, ಸಣ್ಣ ಹಲ್ಲಿನ ಸೀರಣಿಗೆಯಿಂದ ತನ್ನ ತಲೆ ಬಾಚಿ ಕೊಡುತ್ತಿದ್ದಳು. ಬಿದ್ದದ್ದನ್ನು ನಾನು ಸ್ಪಿರಿಟ್ ಬಾಟಲಿಗೆ ಹಾಕಿಕೊಂಡು ಸೈಕಲ್ ಹತ್ತುತ್ತಿದ್ದೆ. "ನನ್ನ ತಲ್ಯಾಗಿನ ಹೇನು ಕಾಲೇಜು ಮೆಟ್ಟಲಾ ಹತ್ತಿದ್ವು, ನಾ ಹತ್ತಲಿಲ್ಲ ನೋಡ್ರಿ" ಎಂದು ಆಕೆ ಈಗಲೂ ನಗುತ್ತಾಳೆ.

ಆದ್ದರಿಂದ ಕೇಳಿ. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ಅದರ ಆರು ಕಾಲಿನ ಕೊಕ್ಕೆಗಳು ಇರುವುದು ಕೂದಲು ಹಿಡಿಯುವುದಕ್ಕೆ. ಮನುಷ್ಯನ ತಲೆ ಬಿಟ್ಟರೆ ಅದಕ್ಕೆ ಬೇರೆ ಊರಿಲ್ಲ, ಕೆಳಗೆ ಬಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಕೊಳಕು ತಲೆ, ತೊಳೆದ ತಲೆ ಎಂಬ ಭೇದ ಅದಕ್ಕಿಲ್ಲ. ಬಡವರು, ಸಾಹೇಬರು ಎಂಬುದಂತೂ ಮೊದಲೇ ಇಲ್ಲ. ಬಟ್ಟೆಯಲ್ಲಿ ಇರುವ ಕೂರೆ ಬೇರೆ, ಅದು ರೋಗ ತಂದದ್ದುಂಟು. ತಲೆಯ ಹೇನು ತರುವುದು ತುರಿಕೆ, ನಾಚಿಕೆ. ತುರಿಕೆ ಹೇನಿನದು. ನಾಚಿಕೆ ಮಾತ್ರ ನಿಮ್ಮಂಥವರು ತಂದು ಹಾಕಿದ್ದು.

ಹೇನು ಒಂದು ತಲೆಯಿಂದ ಇನ್ನೊಂದಕ್ಕೆ ಹೋಗುವುದು ತಲೆಗೆ ತಲೆ ತಾಗಿದಾಗ. ಹಾಗಾದರೆ ನಿಮ್ಮ ಶಾಲೆಯಲ್ಲಿ ಹದಿನಾಲ್ಕು ಹುಡುಗಿಯರ ತಲೆ ತಾಗಿದ್ದು ಯಾಕೆ? ಅವರ ತರಗತಿಯ ವೇದಾ ಅಕ್ಕೋರನ್ನು ಕೇಳಿದೆ. ಅವರು ಕಪಾಟು ತೆರೆದು ತೋರಿಸಿದರು. "ಜೂನಿನಲ್ಲಿ ಬರಬೇಕಾದ ಸಮಾಜ ಪುಸ್ತಕ ನವೆಂಬರಾದ್ರೂ ಪೂರ್ತಿ ಬರ್ಲಿಲ್ಲ. ಮೂರು ಮಕ್ಕಳಿಗೆ ಒಂದು. ತಲೆಗೆ ತಲೆ ಕೊಟ್ಟು ಓದೋದು ಬಿಟ್ರೆ ಮತ್ತೆಂತ ಮಾಡೋದು ಹೇಳಿ?" ಗಮನಿಸಿದಿರಾ ಮಾನ್ಯರೇ? ಪುಸ್ತಕ ಕಳಿಸದವರು ನೀವು, ಹೇನು ಹರಡಿತೆಂದು ಶಿಕ್ಷೆ ಮಕ್ಕಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಪುಸ್ತಕಕ್ಕೆ ಐದು ತಿಂಗಳು, ಸುತ್ತೋಲೆಗೆ ಎರಡೇ ದಿನ. ಏನು ಚುರುಕು, ಏನು ಚುರುಕು!

ಇಲ್ಲಿಗೆ ಬಂದ ಓದುಗರು, ಅಧಿಕಾರಿಗಳೇ ನಿಜವಾದ ಹೇನು ಎಂದು ಇವನು ಈಗ ಬರೆಯುತ್ತಾನೆ ಎಂದು ಕಾಯುತ್ತಿರಬಹುದು. ಬರೆಯುವುದಿಲ್ಲ. ಮೂವತ್ತು ವರ್ಷ ನನ್ನ ಅನ್ನಕ್ಕೆ ಜೊತೆಯಾದ ಜೀವಿಯನ್ನು ಅವಮಾನ ಮಾಡುವ ಮನಸ್ಸು ನನಗಿಲ್ಲ. ಮೇಲಾಗಿ ಹೇನಿನಿಂದ ನಮ್ಮ ಓಣಿಯ ಹೆಂಗಸರಿಗೆ ಒಂದು ಉಪಕಾರವಿದೆ. ಮಧ್ಯಾಹ್ನ ಪಾತ್ರೆ ತೊಳೆದು ಕಟ್ಟೆಯ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತು ತಲೆ ನೋಡುವಾಗ ಎಷ್ಟು ಜಗಳ ಮುಗಿದಿವೆ, ಎಷ್ಟು ಅಳು ಹೊರಬಿದ್ದಿದೆ! ಮುಖ ನೋಡಿ ಹೇಳಲಾಗದ್ದನ್ನು ಬೆನ್ನು ತಿರುಗಿಸಿ ಕೂತು ಹೇಳುತ್ತಾರೆ. ಶಿಲ್ಪಾಳ ಕವನ ಹುಟ್ಟಿದ್ದು ಆ ಕಟ್ಟೆಯ ಮೇಲೆ. ಜೇನಿನ ಮೇಲೆ ಬರೆದರೆ ಬಹುಮಾನ, ಹೇನಿನ ಮೇಲೆ ಬರೆದರೆ ಬಹಿಷ್ಕಾರವೇ? ಮಗು ಯಾವ ಹುಳದ ಮೇಲೆ ಕವನ ಬರೆಯಬೇಕೆಂದು ಇಲಾಖೆ ಪಟ್ಟಿ ಕೊಟ್ಟಿದ್ದರೆ ನಾವು ಅದನ್ನು ನೋಡಿಯೇ ಬರೆಸುತ್ತಿದ್ದೆವು.

ಇನ್ನು ನಮ್ಮಿಬ್ಬರ ಮಾತು. ನೀವು ಇಲ್ಲಿಗೆ ವರ್ಗವಾಗಿ ಬಂದಾಗ ಸನ್ಮಾನದ ಸಭೆಯಲ್ಲಿ, 'ನಾನು ಇದೇ ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವನು' ಎಂದು ಹೆಮ್ಮೆಯಿಂದ ಹೇಳಿದಿರಿ. ನನಗೆ ಗೊತ್ತು. ಆಗ ನಿಮ್ಮನ್ನು ನಾನು 'ತಮ್ಮಾ' ಎಂದು ಕರೆಯುತ್ತಿದ್ದೆ. 1993ರ ಮಾರ್ಚ್, ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ. ಎಂಟು ಮೇಜು, ಎಂಟು ಮಾದರಿ, ಒಂದೊಂದಕ್ಕೆ ಎರಡು ನಿಮಿಷ. ಮೊದಲ ಎರಡು ಬರೆದಿರಿ. ಮೂರನೇ ಮೇಜಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಹಾಗೇ ನಿಂತುಬಿಟ್ಟಿರಿ. ಹಣೆಯ ಬೆವರು ಉತ್ತರದ ಹಾಳೆಯ ಮೇಲೆ ಬಿತ್ತು. ಪಾಸಾಗದಿದ್ದರೆ ಮನೆಯಲ್ಲಿ ಮುಂದೆ ಓದಿಸುವುದಿಲ್ಲ ಎಂದು ಹಿಂದಿನ ದಿನವಷ್ಟೇ ನನ್ನ ಹತ್ತಿರ ಹೇಳಿಕೊಂಡಿದ್ದಿರಿ. ನೀವು ತಲೆಯೆತ್ತಿ ನನ್ನನ್ನು ನೋಡಿದಿರಿ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಚಹಾ ಕುಡಿಯುತ್ತ ಕಿಟಕಿಯ ಕಡೆ ತಿರುಗಿದ್ದರು.

ಗೋಡೆಗೆ ಆನಿಸಿ ನಿಂತಿದ್ದ ನಾನು ತಲೆ ಕೆರೆದುಕೊಂಡೆ.

ನಿಮ್ಮ ಮುಖ ಅರಳಿತು. ಬರೆದಿರಿ, ಪಾಸಾದಿರಿ. ಹೊರಗೆ ಬಂದು ನನ್ನ ಎರಡೂ ಕೈ ಹಿಡಿದು, "ಶಿವಪುತ್ರಪ್ಪಣ್ಣಾ, ಈ ಉಪಕಾರ ಸಾಯೋತನ್ಕ ಮರೆಯೋದಿಲ್ಲ" ಎಂದಿರಿ. ಸಾಯುವುದಿರಲಿ, ಹದಿಮೂರು ವರ್ಷಕ್ಕೇ ಮರೆತಿದ್ದೀರಿ. ಆ ಗಾಜಿನ ಮೇಲಿದ್ದದ್ದು ಗಿರಿಜವ್ವನ ತಲೆಯ ಹೇನು, ಮಾನ್ಯರೇ. ಅದರ ಮೊಮ್ಮಕ್ಕಳನ್ನೇ ಮೊನ್ನೆ ವೇದಿಕೆಯ ಮೇಲೆ ಗಿರಿಜವ್ವನ ಮೊಮ್ಮಗಳ ತಲೆಯಲ್ಲಿ ನೀವು ಹುಡುಕಿಸಿದ್ದು. ಅಂದು ಒಬ್ಬ ತಲೆ ಕೆರೆದುಕೊಂಡದ್ದರಿಂದ ನೀವು ಮೇಲೆ ಬಂದಿರಿ. ಇಂದು ಒಬ್ಬಳು ತಲೆ ಕೆರೆದುಕೊಂಡಳೆಂದು ಅವಳನ್ನು ಕೆಳಗಿಳಿಸಿದಿರಿ. ಏರಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ. ಏಣಿ ಹಿಡಿದವನ ಮೊಮ್ಮಗಳನ್ನೂ ಒದೆಯುವವರನ್ನು ಈಗಷ್ಟೇ ಕಂಡೆ.

ನಾನು ಮಾಡಿದ್ದು ತಪ್ಪು. ಪರೀಕ್ಷೆಯಲ್ಲಿ ಸನ್ನೆ ಮಾಡುವುದು ಅಪರಾಧ, ಅದನ್ನು ನನ್ನ ಹೆಸರು ಹಾಕಿ ಇಲ್ಲಿ ಒಪ್ಪಿಕೊಂಡಿದ್ದೇನೆ. ಪಿಂಚಣಿ ನಿಲ್ಲಿಸುತ್ತೀರಾ? ನಿಲ್ಲಿಸಿ. ವಿಚಾರಣೆಗೆ ಕರೆಯುತ್ತೀರಾ? ಬರುತ್ತೇನೆ, ನೀವೂ ಸಾಕ್ಷಿಗೆ ಬರಬೇಕಾಗುತ್ತದೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯಲಿಲ್ಲ. ಅಂದು ಆ ಬೆವರಿದ ಹುಡುಗನನ್ನು ಕಂಡು ನನಗೆ ಕರುಳು ಚುರ್ ಎಂದಿತ್ತು. ಆ ಹುಡುಗ ನಿಮ್ಮೊಳಗೆ ಇನ್ನೂ ಇದ್ದಾನೋ ಇಲ್ಲವೋ ಎಂದು ಕೇಳಲು ಬರೆದೆ.

ಬೇಡಿಕೆ ದೊಡ್ಡದಲ್ಲ. ಸುತ್ತೋಲೆ ವಾಪಸ್ ಪಡೆಯಿರಿ, ಬಾಕಿ ಪುಸ್ತಕ ಕಳಿಸಿ. ನೀವು ವಾಪಸ್ ಪಡೆದರೂ ಸರಿ, ಬಿಟ್ಟರೂ ಸರಿ, ಬರುವ ಸೋಮವಾರ ಹತ್ತು ಗಂಟೆಗೆ ಹದಿನಾಲ್ಕು ಹುಡುಗಿಯರೂ ಶಾಲೆಗೆ ಬರುತ್ತಾರೆ, ಹೇನಿನ ಸಮೇತ. ಶಿಲ್ಪಾ ಒಂದೇ ಜಡೆಯಲ್ಲಿ ಬರುತ್ತಾಳೆ. ಇದನ್ನು ಅವಳೇ ನಿನ್ನೆ ಹೇಳಿದಳು, "ಹೆಂಗದೀನೋ ಹಂಗಽ ಬರ್ತೀನಿ ಅಜ್ಜಾ." ಆ ಹುಡುಗಿಯರ ಅಜ್ಜಿಯರು, ಅವ್ವಂದಿರು ಸೀರಣಿಗೆ ಹಿಡಿದು ಶಾಲೆಯ ಕಟ್ಟೆಯ ಮೇಲೆ ಕೂತಿರುತ್ತಾರೆ. ಯಾರ ತಲೆಯಾದರೂ ನೋಡಿಕೊಡುತ್ತಾರೆ, ಹುದ್ದೆ ಕೇಳುವುದಿಲ್ಲ.

ನೀವೂ ಬನ್ನಿ. ಮೈಕಿಲ್ಲದೆ ಬನ್ನಿ, ಬೆಂಚಿನ ಮೇಲೆ ಮಕ್ಕಳ ನಡುವೆ ಕೂತು ಉಳಿದ ನಾಲ್ಕು ಸಾಲು ಕೇಳಿ. ಅವನ್ನು ನಾನಿಲ್ಲಿ ಬರೆಯುವುದಿಲ್ಲ, ಅವು ಅವಳ ಬಾಯಿಂದಲೇ ಬರಬೇಕು. ಕೇಳಿದ ಮೇಲೆ ಆ ಮಗುವಿಗೆ ಏನು ಹೇಳಬೇಕೆಂದು ನಿಮಗೆ ತಕ್ಷಣ ಹೊಳೆಯಲಿಕ್ಕಿಲ್ಲ. ಗಾಬರಿಯಾಗಬೇಡ ತಮ್ಮಾ. ನನ್ನ ಕಡೆ ನೋಡು. ಗೋಡೆಗೆ ಆನಿಸಿ ನಿಂತಿರುತ್ತೇನೆ, ತಲೆ ಕೆರೆದುಕೊಳ್ಳುತ್ತೇನೆ.

ಇಂತಿ,
ಒಮ್ಮೆ ಸನ್ನೆ ಮಾಡಿ ತಪ್ಪು ಮಾಡಿದ, ಮೊನ್ನೆ ಸುಮ್ಮನೆ ಕೂತು ಅದಕ್ಕಿಂತ ದೊಡ್ಡ ತಪ್ಪು ಮಾಡಿದ,
ಶಿವಪುತ್ರಪ್ಪ
ನಿವೃತ್ತ ಅಟೆಂಡರ್, ಶಿರಸಿ
ನವೆಂಬರ್ 2006