ಬೆಲ್ ವೈರು

ಜೂನ್ 3, ಸೋಮವಾರ, ಬೆಳಿಗ್ಗೆ 7
ಕಾರು ಸ್ಟಾರ್ಟ್ ಆಯಿತು. ನಿಂತಲ್ಲೇ ಹತ್ತು ನಿಮಿಷ ಚೆನ್ನಾಗಿ ಓಡಿತು. ಗೇಟು ದಾಟಿ ಆಕ್ಸಿಲರೇಟರ್ ಒತ್ತಿದ್ದೇ ತಡ — ಬಂದ್. ಪೆಟ್ರೋಲ್ ಬರುತ್ತಿದೆ. ಹಾಗಾದರೆ ಇಗ್ನಿಷನ್ನೇ. ಪ್ಲಗ್ಗು ಒರೆಸಿದೆ, ಪಾಯಿಂಟ್ ಗ್ಯಾಪ್ ನೋಡಿದೆ. ಎಲ್ಲ ಸರಿ. ನಿಂತರೆ ಕಿಡಿ ಇದೆ, ಓಡಿದರೆ ಇಲ್ಲ.
ವಿಮಲಾಕ್ಷಿ ಬಾಗಿಲಲ್ಲಿ ನಿಂತು, “ಮೂವತ್ತಾರು ವರ್ಷ ವಿಮಾನದ ಇಂಜಿನ್ ಪಾಸ್ ಮಾಡಿದೋರು ನೀವು. ಮನೀ ಕಾರು ಯಾಕ್ರೀ ಹಿಂಗ ಮಾಡ್ತದ?” ಅಂದಳು.
ತಮಾಷೆಗೇ ಅಂದದ್ದು. ನನಗೆ ನಗು ಬರಲಿಲ್ಲ.

ಜೂನ್ 5, ಬುಧವಾರ
ಶಿವಾಜಿನಗರ. ಉಮ್ಮೆ ಕುಲ್ಸುಂ ಅವರ ಕಾರು ರಿಪೇರಿ ಅಂಗಡಿ. ನಮ್ಮ ಹಳೇ ಕಾರು ವಾಟ್ಸ್ಯಾಪ್ ಗ್ರೂಪಿನ ಪ್ರವೀಣ ಕಳಿಸಿದ್ದ. ತಂದೆಯಿಂದ ಕಲಿತ ಕೆಲಸವಂತೆ. ಐವತ್ತರ ಆಸುಪಾಸು. ಕಣ್ಣು ಮುಚ್ಚಿ ಇಂಜಿನ್ ಸದ್ದು ಕೇಳಿದರು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು.
“ಸರ್, ಒಳಗಡೆ ಪಾಯಿಂಟಿಗೆ ಹೋಗೋ ಸಣ್ಣ ವೈರು... ಯಾರಾದ್ರೂ ಚೇಂಜ್ ಮಾಡಿದಾರಾ?”
“ಇಲ್ಲಮ್ಮ. ಕಂಪನಿ ಫಿಟಿಂಗ್.”
“ಪಕ್ಕಾನಾ ಸರ್?”
“ನಾನು ವಿಮಾನ ಕಾರ್ಖಾನೆ ಇನ್‌ಸ್ಪೆಕ್ಷನ್‌ನಲ್ಲಿ ಇದ್ದೋನು.”
ಮತ್ತೆ ಕೇಳಲಿಲ್ಲ. ಕಾಯಿಲ್, ಕಂಡೆನ್ಸರ್ ಬದಲಾಯಿಸಿದರು. “ಒಂದು ವಾರ ಓಡಿಸಿ ಸರ್. ನಿಂತ್ರೆ ವಾಪಸ್ ತನ್ನಿ, ಪೂರ್ತಿ ಬಿಚ್ಚಿ ನೋಡೋಣ.”
ಮನೆಯವರೆಗೆ ಎಲ್ಲೂ ನಿಲ್ಲಲಿಲ್ಲ.

ಜೂನ್ 9, ಭಾನುವಾರ
ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ನಡುರಸ್ತೆಯಲ್ಲಿ ಕಾರು ನಿಂತಿತು. ಕೆ.ಆರ್. ಪುರದಲ್ಲಿ ವಿಮಲಾಕ್ಷಿಯ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಹೊರಟಿದ್ದೆವು. ಹಿಂದೆ ಬಸ್ಸುಗಳ ಹಾರ್ನು. ಟ್ರಾಫಿಕ್ ಪೊಲೀಸ್ ಬೈಯುತ್ತಲೇ ತಳ್ಳಿದ. ರೇಷ್ಮೆ ಸೀರೆ ಎತ್ತಿ ಹಿಡಿದು ವಿಮಲಾಕ್ಷಿ ಒಬ್ಬಳೇ ರಸ್ತೆ ದಾಟಿ ಆಟೋ ಹತ್ತಿದಳು.
ಅಲ್ಲಿಂದಲೇ ಉಮ್ಮೆ ಕುಲ್ಸುಂಗೆ ಫೋನು ಮಾಡಿದೆ. “ಡೂಪ್ಲಿಕೇಟ್ ಕಾಯಿಲ್ ಹಾಕಿ ಕಳಿಸಿದೀರಾ? ನನಗೇನು ಗೊತ್ತಾಗಲ್ಲ ಅಂದ್ಕೊಂಡ್ರಾ?” — ಕೂಗಾಡಿದೆ.
“ಗಾಡಿ ತನ್ನಿ ಸರ್, ನೋಡ್ತೀನಿ” ಅಂದರು. ಕಟ್ ಮಾಡಿದೆ.
ಫುಟ್‌ಪಾತ್ ಮೇಲೆ ನಿಂತು ಗ್ರೂಪಿಗೆ ಹಾಕಿದೆ — ಆ ಅಂಗಡಿಗೆ ಯಾರೂ ಹೋಗಬೇಡಿ, ಡೂಪ್ಲಿಕೇಟ್ ಮಾಲು. ಇನ್ನೂರ ನಲವತ್ತು ಜನ. ಅರ್ಧ ನನ್ನ ಕೈಕೆಳಗೆ ಕೆಲಸ ಮಾಡಿದವರೇ. ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಸರ್ ಎಂದು ಬರುತ್ತಲೇ ಇತ್ತು. ಸಮಾಧಾನವಾಯಿತು.

ಜೂನ್ 12, ಬುಧವಾರ, ಮಧ್ಯಾಹ್ನ
ಡಿಸ್ಟ್ರಿಬ್ಯೂಟರನ್ನು ನಾನೇ ಬಿಚ್ಚಿದೆ. ಊಟದ ಮೇಜಿನ ಮೇಲೆ ಪೇಪರ್ ಹಾಸಿಕೊಂಡು. ಆ ಸಣ್ಣ ವೈರು ನೋಡಲು ಚೆನ್ನಾಗೇ ಇದೆ. ಮೀಟರ್ ಇಟ್ಟೆ — ಕರೆಂಟು ಹಾಯುತ್ತದೆ. ಒಳಗಿನ ಪ್ಲೇಟು ಸ್ವಲ್ಪ ತಿರುಗಿಸಿದೆ — ಇಲ್ಲ. ಹಿಂದಕ್ಕೆ ತಿರುಗಿಸಿದೆ — ಇದೆ. ಮೇಲಿನ ಪ್ಲಾಸ್ಟಿಕ್ ಗಟ್ಟಿ, ಒಳಗೆ ತಾಮ್ರ ತುಂಡಾಗಿದೆ.
ಒಂಟಿ ಎಳೆಯ ತಂತಿ. ಕಾಲಿಂಗ್ ಬೆಲ್ಲಿನ ವೈರು. ಲಾಕ್‌ಡೌನಿನಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದಾಗ ನಾನೇ ಕತ್ತರಿಸಿ ಬೆಸೆದದ್ದು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಆ ಪ್ಲೇಟು ಅಲುಗುತ್ತದೆ, ಅಲ್ಲಿ ಹಲವು ಎಳೆಗಳ ಮೆತ್ತನೆ ವೈರೇ ಬೇಕು. ಒಂಟಿ ತಂತಿ ಬಾಗಿ ಬಾಗಿ ಮುರಿಯುತ್ತದೆ ಎಂದು ಎಷ್ಟು ಟ್ರೈನಿಗಳಿಗೆ ಪಾಠ ಹೇಳಿಲ್ಲ.
ಮರೆತಿದ್ದೆ.
ಇಲ್ಲ. ಇಲ್ಲೂ ಸುಳ್ಳು ಯಾಕೆ? ಆಕೆ ಕೇಳಿದ ಕ್ಷಣವೇ ನೆನಪಾಗಿತ್ತು. ಇನ್‌ಸ್ಪೆಕ್ಟರ್ ಮಾನಪ್ಪ ಬೆಲ್ ವೈರು ಹಾಕಿದ್ದ ಎಂದು ಒಬ್ಬ ಹೆಂಗಸಿನ ಮುಂದೆ ಹೇಳಲು ನಾಲಿಗೆ ಬರಲಿಲ್ಲ.

ಜೂನ್ 24, ಸೋಮವಾರ
ಇಷ್ಟು ದಿನ ಬರೆದಿಲ್ಲ. ಸರಿಯಾದ ವೈರು ಹಾಕಿದ್ದೇನೆ. ಕಾರು ಚೆನ್ನಾಗಿ ಓಡುತ್ತಿದೆ. ಅದನ್ನೇ ಸಹಿಸಲು ಆಗುತ್ತಿಲ್ಲ.
ಪ್ರವೀಣ ಫೋನು ಮಾಡಿದ್ದ. “ಸರ್, ನೀವು ಮೆಸೇಜ್ ಹಾಕಿದ್ದು ಒಳ್ಳೇದಾಯ್ತು. ಹಲಸೂರಲ್ಲಿ ಮುನಿಆಂಜನಪ್ಪ ಅಂತ, ಮದುವೆಗಳಿಗೆ ಹಳೇ ಕಾರು ಕಳಿಸ್ತಾರಲ್ಲ... ಯಾರೋ ಫಾರ್ವರ್ಡ್ ಮಾಡಿದಾರೆ. ಮೂರೂ ಗಾಡಿ ಆಯಮ್ಮನ ಹತ್ರದಿಂದ ಎತ್ಕೊಂಡು ಹೋದ್ರಂತೆ.”
“ಹೌದಾ” ಅಂದೆ. ಅಷ್ಟೇ ಅಂದೆ.
ವಿಮಲಾಕ್ಷಿಗೆ ಎಲ್ಲ ಹೇಳಿದೆ. ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ನಿಲ್ಲಿಸಿದಳು. “ನನಗ ಹೇಳಿ ಏನ್ ಉಪಯೋಗ? ಆಕಿಗೆ ಹೇಳ್ರಿ.”

ಜೂನ್ 25, ಮಂಗಳವಾರ
ಹೋದೆ. ಮುರಿದ ವೈರನ್ನು ಕವರಿನಲ್ಲಿ ಹಾಕಿಕೊಂಡು. ಅಂಗಡಿಯ ಮುಂದೆ ಒಂದೂ ಗಾಡಿ ಇರಲಿಲ್ಲ.
“ಇದನ್ನ ಹಾಕಿದ್ದು ನಾನೇ. ನೀವು ಕೇಳ್ದಾಗ ನನಗೆ ಗೊತ್ತಿತ್ತು.”
ಉಮ್ಮೆ ಕುಲ್ಸುಂ ವೈರನ್ನು ಬೆರಳಲ್ಲಿ ಬಾಗಿಸಿ ನೋಡಿದರು. “ಅವತ್ತೇ ಡೌಟ್ ಬಂತು ಸರ್. ಬಿಚ್ಬೇಕಿತ್ತು. ದೊಡ್ಡೋರು ಹೇಳ್ತಿದಾರೆ ಅಂತ ಬಿಟ್ಬಿಟ್ಟೆ.”
“ತಪ್ಪು ನಿಮ್ಮದಲ್ಲಮ್ಮ.”
“ಅದು ನಂಗೊತ್ತು. ಇಲ್ಲಿ ಬಂದು ನನ್ನೊಬ್ಬಳಿಗೆ ಹೇಳಿದ್ರೆ ಯಾರಿಗೆ ಕೇಳ್ಸುತ್ತೆ ಸರ್?”
ಕೂತ್ಕೊಳ್ಳಿ ಅನ್ನಲಿಲ್ಲ. ನಾನೂ ಕೂರಲಿಲ್ಲ.

ಜೂನ್ 26, ಬುಧವಾರ, ಸಂಜೆ 5
ಗ್ರೂಪಿಗೆ ಬರೆಯಲು ಒಂದು ಗಂಟೆ ಹಿಡಿಯಿತು. ಮೊದಲು ‘ತಪ್ಪು ತಿಳುವಳಿಕೆಯಾಗಿತ್ತು’ ಎಂದು ಬರೆದೆ. ಯಾರ ತಿಳುವಳಿಕೆ? ಅಳಿಸಿದೆ. ಆಮೇಲೆ — ಕೆಟ್ಟ ವೈರು ಹಾಕಿದ್ದು ನಾನು. ಉಮ್ಮೆ ಕುಲ್ಸುಂ ಅವರು ಕೇಳಿದಾಗ ಸುಳ್ಳು ಹೇಳಿದ್ದೂ ನಾನು. ಅವರ ಕೆಲಸದಲ್ಲಿ, ಮಾಲಿನಲ್ಲಿ ಯಾವ ದೋಷವೂ ಇಲ್ಲ. — ಮಾನಪ್ಪ.
ಕಳಿಸಿದೆ. ಆಮೇಲೆ ಪ್ರವೀಣ — ಗ್ರೇಟ್ ಸರ್, ಎಷ್ಟು ಜನಕ್ಕೆ ಈ ಧೈರ್ಯ ಇದೆ! ಕೈಮುಗಿದ ಚಿತ್ರಗಳು, ಹೂವುಗಳು. ಎರಡು ಸಲ ಓದಿದೆ. ಒಳಗೊಳಗೇ ಹಿಗ್ಗಾಯಿತು. ಛೇ... ಇದಕ್ಕೂ ಹಿಗ್ಗುತ್ತೇನಲ್ಲ.
ಗಾಡಿ ಎತ್ತಿಕೊಂಡು ಹೋದ ಮುನಿಆಂಜನಪ್ಪ ಗ್ರೂಪಿನಲ್ಲಿಲ್ಲ. ಪ್ರವೀಣನಿಂದ ನಂಬರ್ ಇಸಕೊಂಡೆ. ಮೂರು ಸಲ ಒತ್ತಿದೆ, ರಿಂಗಾದ ಕೂಡಲೇ ಕಟ್ ಮಾಡಿದೆ. ಮೊದಲ ಮಾತು ಏನು? ಹೆಸರು ಸಾಕು. ಕಾರ್ಖಾನೆ, ಮೂವತ್ತಾರು ವರ್ಷ — ಅದೆಲ್ಲ ಬೇಡ. ಚಹಾ ತಂದ ವಿಮಲಾಕ್ಷಿ ಎದುರಿಗೇ ಕೂತಿದ್ದಾಳೆ. ಈ ಪುಟ ಮುಗಿಸಿ ಮತ್ತೆ ಮಾಡು—
ಫೋನ್ ಬರುತ್ತಿದೆ. ಅದೇ ನಂಬರ್. ಮಿಸ್ಡ್ ಕಾಲ್ ನೋಡಿ ಅವರೇ—